ಕನ್ನಡಿಯೊಳಗಿನ ಯುದ್ಧ

ಬಂಗಾರಪೇಟೆ ಸ್ಟೇಷನ್ ರಸ್ತೆಯ ಆ ಕ್ಷೌರಿಕರು ಟಿವಿಯನ್ನು ನೇರವಾಗಿ ನೋಡಿದ್ದನ್ನು ನಾನು ಕಾಣೆ. ಟಿವಿ ಅವರ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಕತ್ತರಿ ಆಡಿಸುತ್ತಲೇ ಎದುರಿನ ಕನ್ನಡಿಯಲ್ಲಿ ಸುದ್ದಿ ನೋಡುತ್ತಿದ್ದರು. ತಿರುವುಮುರುವಾದ ಅಕ್ಷರಗಳನ್ನೂ ಸರಾಗವಾಗಿ ಓದುತ್ತಿದ್ದರು.

ನನಗೋ ಬ್ರೇಕಿಂಗ್ ನ್ಯೂಸ್ ಎಂದರೆ ಸಾಕು, ಬಿ.ಪಿ. ಏರುತ್ತಿತ್ತು. ಯಾವ ದೇಶ ಯಾವ ದೇಶದ ಮೇಲೆ ಬಿದ್ದರೂ ಮೊದಲು ಸಾಯುವವನು ನಾನೇ ಎಂಬಂತೆ ಕುರ್ಚಿ ಹಿಡಿದುಕೊಳ್ಳುತ್ತಿದ್ದೆ.

"ಅಳೇ ವಿಡಿಯೋ ಸಾ. ಸುಮ್ಕೆ ತಲೆ ಅಳ್ಳಾಡಿಸ್ಬೇಡಿ, ಕಿವಿ ಓಗ್ತದೆ!" ಎಂದು ಅವರು ಪ್ರತಿ ಸಲವೂ ನಗುತ್ತಿದ್ದರು.

ಆ ಬೆಳಿಗ್ಗೆ ಟಿವಿಯಲ್ಲಿ ಒಂದು ಊರು ಹೊತ್ತಿ ಉರಿಯುತ್ತಿತ್ತು. ಅವರ ಮಗಳು ಮನೆಗೆಲಸಕ್ಕೆ ಹೋಗಿದ್ದ ಗಲ್ಫ್‌ನ ಊರು. ನಿನ್ನೆಯಿಂದ ಅವಳು ಫೋನ್ ಎತ್ತಿಲ್ಲವಂತೆ. ನನ್ನ ಕೆನ್ನೆಯ ಮೇಲೆ ಕತ್ತಿ ನಿಂತಿತು.

"ಅಳೇ ವಿಡಿಯೋನೇ ಅಲ್ವಾ ಸಾ?"

ಪರದೆಯ ಮೂಲೆಯಲ್ಲಿ ಕೆಂಪಗೆ 'ನೇರ ಪ್ರಸಾರ' ಎಂದಿತ್ತು. ಕನ್ನಡಿಯಲ್ಲಿ ನನ್ನಂಥವನೂ ತಡವರಿಸಿ ಓದಿಬಿಡುವಷ್ಟು ದೊಡ್ಡ ಅಕ್ಷರ.

"ಹಳೇದೇ," ಎಂದೆ.

"ನಾನೂ ಅಂಗೇ ಅಂದ್ಕಂಡೆ," ಎಂದು ಅವರು, ಬೋಳಿಸಿ ಮುಗಿಸಿದ್ದ ಕೆನ್ನೆಗೇ ಮತ್ತೆ ನೊರೆ ಹಚ್ಚತೊಡಗಿದರು.