ಹಂದಿಯ ಕಿಡ್ನಿ, ಅತ್ತೆಯ ಬಿಸಿನೀರು

ಕೇದಾರ ಘಾಟ್‌ನ ನಮ್ಮ ಮನೆಯ ಗಂಡಸರು ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವವರು. ಆ ಮನೆಯ ಸೊಸೆ ನಾನು ಯೂನಿವರ್ಸಿಟಿಯ ಲ್ಯಾಬ್‌ನಲ್ಲಿ ಹಂದಿಯ ಕಿಡ್ನಿ ಅರೆಯುತ್ತಿದ್ದೆ. ಅದರಿಂದ ಡಿ-ಅಮೈನೋ ಆಸಿಡ್ ಆಕ್ಸಿಡೇಸ್ ಎಂಬ ಎಂಜೈಮ್ ಸಿಗುತ್ತದೆ. ಶುದ್ಧವಾದಷ್ಟೂ ಹಳದಿ, ಬ್ಯೂಟಿಫುಲ್ ಹಳದಿ.

ಸಂಜೆ ಬಾಗಿಲ ಪಕ್ಕದ ಬಚ್ಚಲಲ್ಲಿ ಅತ್ತೆ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದರು. ಮೀಯದೆ ನಾನು ಒಳಗೆ ಹೋಗುವಂತಿರಲಿಲ್ಲ. ಮೊದಮೊದಲು ಮೈ ತಾಕದಂತೆ ದೂರದಿಂದ ನೀರು ಸುರಿಯುತ್ತಿದ್ದವರು, ವರ್ಷಗಳು ಕಳೆದಂತೆ ಬೆನ್ನುಜ್ಜತೊಡಗಿದರು.

"ಅದೇನು ಹುಡುಕ್ತೀಯೇ ಆ ಹಂದೀಲಿ?"

ನಾನು ಎರಡೂ ಅಂಗೈ ತೋರಿಸಿದೆ. "ಅಮೈನೋ ಆಸಿಡ್‌ಗೂ ಹೀಗೆ ಎಡ, ಬಲ ಎರಡು ರೂಪ ಅತ್ತೆ. ನಮ್ಮ ಮೈಯ ಪ್ರೋಟೀನೆಲ್ಲ ಎಡದ್ದು. ಬಲದ್ದು ಸಿಕ್ಕರೆ ಈ ಎಂಜೈಮ್ ಒಡೆದುಹಾಕತ್ತೆ. ಕೆಲವು ಆಂಟಿಬಯಾಟಿಕ್ ತಯಾರಿಸೋಕೂ ಇದು ಬೇಕು."

"ಹಾಗಾದ್ರೆ ನಮ್ಮನ್ನ ಮಾಡಿದೋನು ಎಡಚ. ನಿನ್ನ ಮಾವನ ಕಿವಿಗೆ ಬೀಳ್ಬಾರದು."

ಕೊನೆಯ ಚಳಿಗಾಲದಲ್ಲಿ ಅತ್ತೆಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ನರ್ಸ್ ಸೆಫಲೋಸ್ಪೊರಿನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ತಂದಾಗ ಅತ್ತೆ ತೋಳನ್ನು ಶಾಲಿನೊಳಗೆ ಎಳೆದುಕೊಂಡರು.

"ಮಾತಾಜಿ, ಹಾಥ್ ದೀಜಿಯೆ."

ಅತ್ತೆ ನನ್ನನ್ನೇ ನೋಡಿದರು. "ಇದರಲ್ಲಿ ನಿನ್ನ ಹಂದಿ ಇದೆಯೇನೇ?"

"ಇಲ್ಲ ಅತ್ತೆ. ಇದನ್ನ ಮಾಡುವಾಗ ಬಲದ ರೂಪದ ಒಂದು ತುಂಡನ್ನ ಕಳಚಬೇಕು, ಅದಕ್ಕೆ ಆ ಎಂಜೈಮ್. ಆದರೆ ಫ್ಯಾಕ್ಟರಿಯವರು ಅದನ್ನ ಯೀಸ್ಟ್‌ನಿಂದ ತೆಗೀತಾರೆ. ಹಂದಿ ನಮ್ಮ ಲ್ಯಾಬ್‌ಗೆ ಮಾತ್ರ."

"ಯೀಸ್ಟ್ ಅಂದ್ರೆ?"

"ಹಿಟ್ಟು ಹುಳಿ ಬರಿಸೋ ಜಾತಿಯದು."

"ಸುಳ್ಳಾದ್ರೆ ಮನೇಗೆ ಹೋದ್ಮೇಲೆ ನನ್ನ ನೀನೇ ಮೀಯಿಸ್ಬೇಕು." ತೋಳು ಚಾಚಿದರು.

ನಾನು ಹೇಳಿದ್ದು ನಿಜ. ಔಷಧವೂ ಒಳ್ಳೆಯದೇ. ಆದರೆ ಟೂ ಲೇಟ್ ಎಂದರು ಡಾಕ್ಟರ್. ಅತ್ತೆಯನ್ನು ಮನೆಗೆ ತಂದಾಗ ಬಿಸಿನೀರು ಕಾಯಿಸಿದವಳು ನಾನು, ಮೀಯಿಸಿದವಳೂ ನಾನೇ. ಅವರ ಬೆನ್ನು ಇಷ್ಟು ಚಿಕ್ಕದೆಂದು ಗೊತ್ತೇ ಇರಲಿಲ್ಲ.

ಆಮೇಲೂ ರಿಟೈರ್ ಆಗುವವರೆಗೆ ಸಂಜೆ ಮಿಂದೇ ಒಳಗೆ ಹೋಗುತ್ತಿದ್ದೆ. ಹೇಳುವವರು ಯಾರೂ ಇರಲಿಲ್ಲ. ಈಗ ಲ್ಯಾಬ್ ಇಲ್ಲ, ಹಂದಿಯಿಲ್ಲ, ಬಚ್ಚಲಲ್ಲಿ ಗೀಸರ್ ಇದೆ. ಬೆನ್ನಿನ ನಡುವೆ ಒಂದು ಜಾಗ ಮಾತ್ರ ನನ್ನ ಯಾವ ಕೈಗೂ ಎಟುಕುವುದಿಲ್ಲ, ಎಡಗೈಗೂ, ಬಲಗೈಗೂ.