ಲಾನಿನ ಪಕ್ಕದ ಜೋಳ

ಜೇವರ್ಗಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದಾಗ ನನಗಿದ್ದದ್ದು ಒಂದೇ ಆಸೆ. ಹಿತ್ತಲಿನಲ್ಲಿ ಹಸಿರು ಹುಲ್ಲಿನ ಲಾನ್ ಬೆಳೆಸಬೇಕು, ಸಂಜೆ ಶಾಲೆಯಿಂದ ಬಂದವಳೇ ಅದರ ಮೇಲೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯಬೇಕು. ದೊಡ್ಡ ಆಸೆಯೇನಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ, ಜೇವರ್ಗಿಯ ಬಿಸಿಲಿನಲ್ಲಿ ಇಂಥದೊಂದು ಆಸೆಯನ್ನು ಬಾಯಿ ಬಿಟ್ಟು ಹೇಳಿದರೆ ಜನ ನಿಮ್ಮ ಮುಖವನ್ನೊಮ್ಮೆ ನೋಡಿ, ಮಾತು ಬದಲಿಸುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಣ್ಣಿನ ವಿಧಗಳ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ತವರುಮನೆ ಅಫಜಲಪುರ ತಾಲೂಕಿನ ಹವಳಗಾ ಕಡೆ. ಕಾಲುವೆ, ಕಬ್ಬು, ಬಾಳೆ ನೋಡುತ್ತ ಬೆಳೆದವಳು. ನೀರು ಬಿಟ್ಟರೆ ಏನಾದರೂ ಬೆಳೆಯುತ್ತದೆ ಎಂಬುದು ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದ ನಂಬಿಕೆ. ಪಾಠಕ್ಕೂ ಈ ನಂಬಿಕೆಗೂ ಜಗಳ ಬಿದ್ದಾಗ ನಾನು ನಂಬಿಕೆಯ ಪಕ್ಷ ವಹಿಸಿದೆ.

ನಮ್ಮ ಹಿತ್ತಲು ಅಪ್ಪಟ ಕಪ್ಪು ಎರೆಮಣ್ಣು. ಬೇಸಿಗೆಯಲ್ಲಿ ಅದು ಕಾಲು ತೂರುವಷ್ಟು ಅಗಲ ಬಿರುಕು ಬಿಡುತ್ತದೆ. ಒಮ್ಮೆ ನನ್ನ ಚಪ್ಪಲಿ ಬಿರುಕಿನೊಳಗೆ ಹೋಯಿತು. ತೆಗೆಯಲು ಹಾಕಿದ ಸೌಟೂ ಅದರ ಹಿಂದೆಯೇ ಹೋಯಿತು. ನಾನು ಪೈಪು ಹಿಡಿದು ನೀರು ಬಿಟ್ಟೆ. ಕೊಡಗಟ್ಟಲೆ ನೀರು ಸದ್ದಿಲ್ಲದೆ ಇಳಿದು ಹೋಯಿತು, ಮೇಲೆ ಪಸೆ ಕೂಡ ಉಳಿಯಲಿಲ್ಲ. ಮರುದಿನ ಪಕ್ಕದ ಮನೆಯಾಕೆ ಬಂದು, ತಮ್ಮ ಬಚ್ಚಲ ಗೋಡೆ ಯಾಕೋ ತಣ್ಣಗಾಗಿದೆ ಎಂದು ಸಂತೋಷದಿಂದ ಹೇಳಿದರು.

ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು ನನ್ನ ಮಾವ.

"ಯವ್ವಾ, ಎರಿ ಬಾಯಿ ತಗದು ಉಸುರ್ ಬಿಡಾಕತ್ತದ. ನೀ ಬಾಯಾಗ ನೀರ್ ಸುರೀತಿ. ಅದು ಉಸುರ್ ಹೆಂಗ ತಗೋಬೇಕು?"

"ಅದು ಉಸುರ್ ತಗೋಳೂದು ಬ್ಯಾಡ್ರಿ ಮಾವಾರ, ಹುಲ್ಲ ಬೆಳದ್ರ ಸಾಕು," ಎಂದೆ. ನನ್ನ ಬಾಯಿಯೂ ಏನು ಕಡಿಮೆಯಿಲ್ಲ.

ಮಾವ ಆಳಂದ ತಾಲೂಕಿನ ಮಾದನಹಿಪ್ಪರಗಾದವರು. ಅಲ್ಲಿ ಅವರಿಗೆ ಒಣಬೇಸಾಯದ ಹೊಲವಿತ್ತು. ಅತ್ತೆ ತೀರಿಕೊಂಡ ಮೇಲೆ, ಮೊಣಕಾಲು ಕೈಕೊಟ್ಟ ಮೇಲೆ, ಒಬ್ಬನೇ ಮಗ ಜೇವರ್ಗಿಯಲ್ಲಿ ನೌಕರಿಗಿದ್ದಾನೆಂದು ಹೊಲ ಮಾರಿ ನಮ್ಮೊಡನೆ ಬಂದರು. ಆ ಹೊಲ ಹೋದದ್ದರಿಂದಲೇ ಈ ಮನೆ ಎದ್ದದ್ದು. ನಿಮ್ಮ ಹೊಲ ಎಲ್ಲಿ ಎಂದು ಯಾರಾದರೂ ಕೇಳಿದರೆ ಮಾವ ನಮ್ಮ ಪಡಸಾಲೆಯ ಗೋಡೆಯನ್ನು ತೋರಿಸುತ್ತಿದ್ದರು. ಕೇಳಿದವರು ನಗುತ್ತಿದ್ದರು. ಗೋಡೆಗೆ ಬಣ್ಣ ಆರಿಸಿದವಳು ನಾನು, ಹಾಗಾಗಿ ನನಗೆ ನಗು ಬರುತ್ತಿರಲಿಲ್ಲ.

ಅವರಿಗೆ ಇಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ಒಂದು ದಿನವನ್ನು ಬಿಟ್ಟು. ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಕಡುಬು, ಹಸಿ ಕಾಳು-ಸೊಪ್ಪು ಬೇಯಿಸಿದ ಭಜ್ಜಿಯನ್ನು ಕಲಸಿ ನಿಂತ ಬೆಳೆಯ ಮೇಲೆ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣಿಸುತ್ತಾರೆ. ಹೊಲ ಇದ್ದವನು ಅಂದು ಕರೆಯುತ್ತಾನೆ, ಇಲ್ಲದವನು ಹೋಗುತ್ತಾನೆ. ಮಾವ ಜೀವನವಿಡೀ ಕರೆದವರು. ಹೊಲ ಮಾರಿದ ಮೊದಲ ವರ್ಷ ಊರಿನಿಂದ ಅವರ ಚಿಕ್ಕಪ್ಪನ ಮಗ ಕರೆದರು, ನನ್ನ ಗಂಡನ ಗೆಳೆಯರು ಯಡ್ರಾಮಿಯಿಂದ ಕಾರು ತಂದು ಕರೆದರು. ಮಾವ ಮೊಣಕಾಲು ನೋವೆಂದು ಹೇಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

"ಮಂದಿ ಹೊಲದಾಗ ಕುಂತು ಉಣ್ಣೂದು ಇನ್ನ ಕಲೀಬೇಕು ನಾ," ಎಂದಷ್ಟೇ ಅಂದರು. ಮಧ್ಯಾಹ್ನ ನಾನು ಕೊಟ್ಟ ಕಡುಬನ್ನೂ ಮುಟ್ಟಲಿಲ್ಲ. ನನಗೆ ಸಿಟ್ಟು ಬಂತು. ಬೆಳಗಿನಿಂದ ಹೊಗೆ ಕುಡಿದು ಮಾಡಿದ ಕಡುಬದು.

ಲಾನಿನ ವಿಷಯಕ್ಕೆ ಬರುತ್ತೇನೆ. ಜೂನಿನಲ್ಲಿ ಮಿರಗದ ಮಳೆ ಬಂದದ್ದೇ ಬಿರುಕುಗಳೆಲ್ಲ ಬಾಯಿ ಮುಚ್ಚಿದವು. ನಾನು ಹಿಗ್ಗಿ ಕಲಬುರಗಿಯ ನರ್ಸರಿಯಿಂದ ಹುಲ್ಲಿನ ಹಾಸು ತರಿಸಿ ಹಾಸಿದೆ. ಮಳೆ ಇನ್ನಷ್ಟು ಬಂತು. ಎರೆ ಉಬ್ಬಿ ಅಂಟಾಯಿತು. ಒಳಗೆ ಕಾಲಿಟ್ಟರೆ ಹೊರಗೆ ಬರುವಾಗ ಕಾಲು ಮಾತ್ರ ಬರುತ್ತಿತ್ತು, ಚಪ್ಪಲಿ ಅಲ್ಲೇ. ನನ್ನ ಹುಲ್ಲು ನಿಂತ ನೀರಿನಲ್ಲಿ ಕೊಳೆತು ಹಳದಿಯಾಯಿತು. ನಾಲ್ಕು ಗುಲಾಬಿ ಗಿಡ ನೆಟ್ಟಿದ್ದೆ; ಅವು ಬೇರು ಸಹಿತ ವಾಲಿ ಪಕ್ಕದವರ ಗೋಡೆಗೆ ಒರಗಿ ನಿಂತವು.

ಸೋಲುವ ಜಾತಿ ನನ್ನದಲ್ಲ. ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು, ಮರಳು ತರಿಸಿದೆ. ತಿಪ್ಪೆಗೊಬ್ಬರ ಹಾಕಿಸಿ, ಎಲ್ಲ ಕಲಸಿ, ಲಾನನ್ನು ಒಂದು ಗೇಣು ಎತ್ತರಿಸಿ, ಸುತ್ತ ನೀರು ಹೋಗಲು ಕಾಲುವೆ ತೋಡಿಸಿದೆ. ಗಿಡದ ಬುಡಕ್ಕೆ ಮುಚ್ಚಲು ತವರಿನಿಂದ ರವದಿ ತರಿಸಿದೆ. ಕಬ್ಬು ಕಡಿದ ಮೇಲೆ ಉಳಿಯುವ ಒಣಗರಿ ಅದು, ನೆಲದ ತಂಪನ್ನು ಹಿಡಿದಿಡುತ್ತದೆ. ನಮ್ಮಣ್ಣ ಅದನ್ನು ಮೂಟೆ ಕಟ್ಟಿ ಬಸ್ಸಿನ ಮೇಲೆ ಹೇರಿ ಕಳಿಸಿದ್ದ. ಇಷ್ಟು ದೂರ ಕಸ ಹೊತ್ತು ತರಿಸುವ ಮಾಸ್ತರಬಾಯಿಯನ್ನು ನೋಡಲು ಕಂಡಕ್ಟರ್ ಇಳಿದು ಬಂದಿದ್ದ. ಆದರೆ ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ಹುಲ್ಲು ಹಿಡಿಯಿತು. ಅಂಗೈಯಿಂದ ಸವರಿ ನೋಡಿದೆ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಆ ಹುಲ್ಲಿನ ಮೇಲೆ ಯಾರೂ ಕಾಲಿಡಬಾರದೆಂದು ನಾನೇ ಅಪ್ಪಣೆ ಹೊರಡಿಸಿದೆ. ಹೀಗಾಗಿ ನನ್ನ ಚಹಾ ಮೊದಲಿನಂತೆ ಅಡುಗೆಮನೆಯಲ್ಲೇ ನಡೆಯಿತು.

ಆಗ ಮಾವ ಉಳಿದರ್ಧ ಹಿತ್ತಲನ್ನು ಕೇಳಿದರು. ಅಲ್ಲಿ ಕರಿಬೇವು, ಬದನೆ, ನುಗ್ಗೆ ಹಚ್ಚಬೇಕೆಂದು ನಾನು ಯೋಚಿಸಿದ್ದೆ. ಮಾವನಿಗೆ ಬೇಕಾದದ್ದು ಹಿಂಗಾರಿ ಜೋಳ.

"ಇಷ್ಟ ಜಾಗಾದಾಗ ಜ್ವಾಳ ಬಿತ್ತಿದ್ರ ಒಂದ್ ರೊಟ್ಟಿಗಿ ಸಾಲಂಗಿಲ್ರಿ," ಎಂದೆ.

"ರೊಟ್ಟಿಗಿ ಯಾರ್ ಬಿತ್ತಾಕತ್ತಾರ ಬೇ?"

ನನ್ನ ಗಂಡ ಯಾವ ಜಗಳದಲ್ಲೂ ಮಧ್ಯಕ್ಕೆ ನಿಲ್ಲುವವರು, ಅಕ್ಷರಶಃ. ಹಿತ್ತಲಿನ ನಡುವೆ ನಿಂತು ಹಗ್ಗ ಹಿಡಿದು ಭಾಗ ಮಾಡಿದರು. ಮಾವನಿಗೆ ಹಗ್ಗ ತುಸು ಓರೆ ಕಂಡಿತು, ಸರ್ವೆಯವರನ್ನು ಕರೆಸಬೇಕೆಂದರು.

ಮಳೆ ಹಿಂದೆ ಸರಿದು ನೆಲ ಹದಕ್ಕೆ ಬಂದಾಗ ಮಾವ ಬಿತ್ತಿದರು. ನಲ್ಲಿಯಿಂದ ಒಂದು ಚೊಂಬು ನೀರು ಹಾಕಲು ಒಪ್ಪಲಿಲ್ಲ. ಹಿಂಗಾರಿ ಜೋಳ ನೆಲದ ಹಸಿಯ ಮೇಲೆ, ಇಬ್ಬನಿಯ ಮೇಲೆ ಬೆಳೆಯಬೇಕಂತೆ. ಆದರೆ ನನ್ನ ಲಾನಿನ ಕಾಲುವೆಯ ನೀರೆಲ್ಲ ಮಾವನ ಭಾಗದಲ್ಲೇ ಇಂಗುತ್ತಿತ್ತು. ಜೊತೆಗೆ ನನ್ನ ಗೊಬ್ಬರದ ಸಾರ. ಜೋಳ ಕೊಬ್ಬಿ, ಮಾವನ ತಲೆ ದಾಟಿ, ಕಂಪೌಂಡು ದಾಟಿ, ಬೀದಿಗೆ ಇಣುಕಿತು. ಮಾವನಿಗೆ ಅದು ಅವಮಾನ. ದಂಟು ಹಿಡಿದು ಅಲ್ಲಾಡಿಸಿ, "ಮೈ ಅಷ್ಟ ಬೆಳಸ್ಯಾದ, ಕಾಳಿನ ಸುದ್ದಿನ ಇಲ್ಲ," ಎಂದು ಬೈಯುತ್ತಿದ್ದರು. ಆದರೂ ದಿನಾ ಬೆಳಗ್ಗೆ ಕಳೆ ತೆಗೆಯುವ ಕುರ್ಪಿ ಹಿಡಿದು ಅದರೊಳಗೆ ಹೋದವರು ನಾಷ್ಟಾಕ್ಕೆ ಕೂಗಿದರೂ ಬರುತ್ತಿರಲಿಲ್ಲ. ಮೊಣಕಾಲಿನ ಸುದ್ದಿ ಆ ಎರಡು ತಿಂಗಳು ನಾನು ಕೇಳಲೇ ಇಲ್ಲ.

ಚಳಿ ಬಿದ್ದಾಗ ತೆನೆ ಹೊರಬಂತು, ಕಾಳು ಹಾಲಾಯಿತು, ಗಿಳಿಗಳಿಗೆ ವಿಳಾಸ ಸಿಕ್ಕಿತು. ಮಾವ ಮಂಚದ ಹಳೇ ನವಾರನ್ನು ಹೊಸೆದು ಕವಣೆ ಮಾಡಿದರು. ಮಾದನಹಿಪ್ಪರಗಾದಲ್ಲಿ ಕವಣೆಯ ಕಲ್ಲು ಬೀಳಲು ಬೇಕಾದಷ್ಟು ಬಯಲಿದೆ. ಜೇವರ್ಗಿಯ ಬಡಾವಣೆಯಲ್ಲಿ ಹಿಂದಿನ ಮನೆಯ ಮಾಳಿಗೆ ಇದೆ, ಮಾಳಿಗೆಯ ಮೇಲೆ ಸೋಲಾರ್ ಹೀಟರು ಇದೆ. ಮೊದಲ ಕಲ್ಲಿಗೇ ಗಿಳಿಗಳು ಹಾರಿದವು, ಹೀಟರಿನ ಗಾಜಿನ ಕೊಳವೆ ಉಳಿಯಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಆ ಮನೆಯ ಯಜಮಾನರು ಮೈತುಂಬ ಸೋಪು ಹಚ್ಚಿಕೊಂಡೇ ಟವೆಲ್ ಸುತ್ತಿ ಹೊರಗೆ ಬಂದರು.

ನಾನು ಅವರ ಮುಂದೆ ಕೈಮುಗಿದು, ಒಳಗೆ ಬಂದು ಮಾವನ ಮೇಲೆ ರೇಗಿದೆ.

"ಇದು ಹೊಲ ಅಲ್ರಿ ಮಾವಾರ! ಹಿತ್ತಲ ಅದ ಇದು, ಹಿತ್ತಲ!"

ಮಾವ ಕವಣೆಯನ್ನು ಸುತ್ತಿ ಅಟ್ಟದ ಮೇಲಿಟ್ಟರು. ಅಂದಿನಿಂದ ಜೋಳದ ಕಡೆ ಹೋಗುವುದನ್ನೇ ಬಿಟ್ಟರು. ಕಟ್ಟೆಯ ಮೇಲೆ ಕೂತು, ಗಿಳಿಗಳು ಒಂದೊಂದೇ ತೆನೆ ಬೋಳಿಸುವುದನ್ನು ಪಕ್ಕದೂರಿನವರ ಹೊಲ ನೋಡಿದಂತೆ ನೋಡುತ್ತಿದ್ದರು. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಈಗಲೂ ಇಲ್ಲವೆನ್ನುತ್ತೇನೆ. ಅದು ಹಿತ್ತಲೇ. ಆದರೂ ಆ ಗಿಳಿಗಳನ್ನು ಕಂಡರೆ ನನಗೆ ಮೈ ಉರಿಯತೊಡಗಿತು. ಶಾಲೆಗೆ ಹೋಗುವ ಮುಂಚೆ ತಟ್ಟೆ ಬಡಿದು ಓಡಿಸುತ್ತಿದ್ದೆ.

ಎಳ್ಳಮಾವಾಸ್ಯೆ ಹತ್ತಿರ ಬಂತು. ನಮ್ಮ ಸಾಲಿನ ಮನೆಯವರೆಲ್ಲ ಸಜ್ಜೆ ಬೀಸಿಸುವ, ಹಸಿ ಕಾಳು ಬಿಡಿಸುವ ಗಡಿಬಿಡಿಯಲ್ಲಿದ್ದರು. ಹಬ್ಬದ ಹಿಂದಿನ ದಿನ ಮಾವ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದರು. ನನ್ನ ಗಂಡ ನನ್ನ ಕಡೆ ನೋಡಿದರು. ಮರುದಿನವೂ ಆ ಮುದುಕರು ಗೋಡೆಗೆ ಮುಖ ಮಾಡಿ ಮಲಗುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಆ ಬೆನ್ನನ್ನು ಇನ್ನೊಂದು ಸಲ ನೋಡಲು ತಯಾರಿರಲಿಲ್ಲ.

ಬೆಳಗ್ಗೆದ್ದು ಕಡುಬು, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಮಾಡಿ, ಬುಟ್ಟಿಯಲ್ಲಿಟ್ಟು, ಬಿಳಿ ಬಟ್ಟೆ ಕಟ್ಟಿ, ಮಾವನ ಕೋಣೆಯ ಬಾಗಿಲಲ್ಲಿ ನಿಂತೆ.

"ಮಾವಾರ, ಏಳ್ರಿ. ಬುಟ್ಟಿ ಕಟ್ಟೇನಿ. ಹೊಲಕ್ಕ ಹೋಗೂಣು."

"ಯಾವ ಹೊಲಕ್ಕ?"

"ನಮಗೇನ್ ಹತ್ತ್ ಹೊಲ ಅವೇನ್ರಿ? ಇರೂದು ಒಂದ."

ಮಾವ ನನ್ನ ಮುಖ ನೋಡಿದರು. ಚೇಷ್ಟೆ ಮಾಡುತ್ತಿದ್ದೇನೋ ಎಂದು ಪರೀಕ್ಷೆ ಮಾಡಿದರೆಂದು ಕಾಣುತ್ತದೆ. ಆಮೇಲೆ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿ, ಟ್ರಂಕಿನಿಂದ ಇಸ್ತ್ರಿಯ ಧೋತರ, ರುಮಾಲು ತೆಗೆದರು. ರುಮಾಲು ಸುತ್ತುವುದರಲ್ಲೇ ಕಡುಬು ಆರಿಹೋಯಿತು.

ನಾನು ಅಡುಗೆಮನೆಯ ಹಿಂಬಾಗಿಲು ತೆಗೆದು, ಬರ್ರಿ ಎಂದೆ. ಮಾವ ನಿಂತಲ್ಲೇ ನಿಂತರು.

"ಅಡಗಿ ಮನ್ಯಾಗಿಂದ ಯಾರರ ಹೊಲಕ್ಕ ಹೋಗ್ತಾರೇನ ಬೇ? ದಾರಿ ಹಿಡದು ಹೋಗಬೇಕು."

ದಾರಿ ಹಿಡಿದೆವು. ಮುಂಬಾಗಿಲಿನಿಂದ ಹೊರಟು, ನಮ್ಮ ಬೀದಿ ದಾಟಿ, ಮೂಲೆಯ ಕಿರಾಣಿ ಅಂಗಡಿ ಸುತ್ತಿ, ಹಿಂದಿನ ಓಣಿಗೆ ಬಂದು, ಹಿತ್ತಲಿನ ಚಿಕ್ಕ ಗೇಟಿಗೆ. ಮುಂದೆ ರುಮಾಲಿನ ಮಾವ, ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ನಾನು, ನನ್ನ ಹಿಂದೆ ನೀರಿನ ಚೊಂಬು ಹಿಡಿದು, ಗುರುತಿನವರು ಸಿಗದಿರಲೆಂದು ತಲೆ ತಗ್ಗಿಸಿದ ಗಂಡ. ಗುರುತಿನವರೆಲ್ಲ ಸಿಕ್ಕರು. ಕಾರಿಗೆ ಬುಟ್ಟಿ ಹೇರುತ್ತಿದ್ದ ಒಬ್ಬಾಕೆ ಕೇಳಿಯೇ ಬಿಟ್ಟರು.

"ಟೀಚರ್ರ, ಎಲ್ಲಿಗಿ ಹೊಂಟೀರಿ?"

"ಹೊಲಕ್ಕ್ರಿ."

"ಯಾವ ಕಡೆ ಅದರಿ ನಿಮ್ಮ ಹೊಲ?"

"ಇಲ್ಲೇ ಹತ್ತ್ಯಾಕ," ಎಂದು ಓಣಿಯ ಕಡೆ ಕೈ ಮಾಡಿದೆ. ಕಿವಿ ಬಿಸಿಯಾಗಿತ್ತು.

ಗೇಟು ತೆಗೆದು ಮಾವ ಮೊದಲು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿದರು. ಚರಗದ ಪಾತ್ರೆ ಹಿಡಿದು ಕೂಗು ಹಾಕುತ್ತ ಜೋಳದ ಸುತ್ತ ಚೆಲ್ಲಿದರು. ನನ್ನ ಗಂಡ ಹಿಂದಿನಿಂದ ನೀರು ಚಿಮುಕಿಸಿದರು. ಆ ಮುದುಕರ ದೇಹದೊಳಗೆ ಅಂಥ ಗಂಟಲು ಇತ್ತೆಂದು ನನಗೆ ಗೊತ್ತಿರಲಿಲ್ಲ. ಮೂರು ಮನೆಯ ಕಿಟಕಿ ತೆರೆದವು. ಜೋಳ ಮುಗಿದ ಮೇಲೆ ಯಾರನ್ನೂ ಕೇಳದೆ ನನ್ನ ಲಾನಿನ ಮೇಲೂ ಧಾರಾಳವಾಗಿ ಭಜ್ಜಿ ಚೆಲ್ಲಿದರು. ಮರುದಿನ ಬರಲಿರುವ ಇರುವೆಗಳನ್ನು ನೆನೆದು, ತುಟಿ ಕಚ್ಚಿಕೊಂಡು ಸುಮ್ಮನಿದ್ದೆ.

ಊಟಕ್ಕೆ ಕೂರಲು ಬೇರೆ ಜಾಗವಿರಲಿಲ್ಲ. ನನ್ನ ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂತೆವು. ಮಾವ ಮೊದಲ ರೊಟ್ಟಿ ಮುರಿಯುವಷ್ಟರಲ್ಲಿ ಅವರ ಫೋನು ರಿಂಗಾಯಿತು. ಊರಿನಿಂದ ಆ ಚಿಕ್ಕಪ್ಪನ ಮಗ. ಅವರ ಹಿಂದೆ ಹತ್ತಾರು ಜನರ ಗದ್ದಲ, ಎತ್ತಿನ ಕೊರಳ ಗಂಟೆ, ಯಾರೋ ಯಾರನ್ನೋ ಊಟಕ್ಕೆ ಕರೆಯುವ ಕೂಗು ನಮಗೂ ಕೇಳಿಸಿತು.

"ಅಣ್ಣಾ, ಈ ಸಲನೂ ಬರ್ಲಿಲ್ಲಲ್ಲೋ. ಮನ್ಯಾಗ ಮಲಕ್ಕೊಂಡೀ ಏನು?"

"ಇಲ್ಲೋ ತಮ್ಮಾ. ಹೊಲದಾಗ ಅದೇನಿ."

"ಯಾರ ಹೊಲದಾಗ?"

"ನಮ್ಮ ಹೊಲದಾಗ."

ಆ ಕಡೆಯ ಗದ್ದಲವಷ್ಟೇ ಕೇಳುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಉದ್ದಕ್ಕೆ ಸೀಟಿ ಹಾಕಿತು. ಮಾವ ಗಾಬರಿಯಿಂದ ಫೋನನ್ನು ಅಂಗೈಯಿಂದ ಮುಚ್ಚಿ, ಸಿಕ್ಕಿಬಿದ್ದವರಂತೆ ನನ್ನ ಕಡೆ ನೋಡಿದರು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ವರ್ಷವಿಡೀ ಕಲಿಸುವವಳು ನಾನು. ಅವರ ಕೈ ಸರಿಸಿ, ಫೋನಿಗೆ ಬಾಯಿ ತಂದು, ಮಾದನಹಿಪ್ಪರಗಾದವರೆಗೂ ಕೇಳುವಂತೆ ಕೂಗಿದೆ.

"ಮಾವಾರ, ಎತ್ತಿಗಿ ನೀರ್ ತೋರಸ್ಲೇನ್ರಿ?"

ಮಾವ ನನ್ನನ್ನೇ ನೋಡಿದರು. ಕಣ್ಣು ಒದ್ದೆಯಾಗಿದ್ದರೂ ದನಿಯಲ್ಲಿ ಅದನ್ನು ಬಿಟ್ಟುಕೊಡಲಿಲ್ಲ.

"ಹೂಂ ಯವ್ವಾ, ತೋರಸು. ಎರಡಕ್ಕೂ ತೋರಸು."