ಶೆಟ್ಟಿಹಳ್ಳಿಯ ನೀರು ಕಾಣದ ಕಂಪ್ಯೂಟರ್

ಮೊಸಳೆ ಎಂಬ ಊರಿನ ಶಿವರಂಜನಿ ಬಿ.ಎಸ್ಸಿ ಮುಗಿಸಿ, ಆರು ವರ್ಷದಿಂದ ಹಾಸನದಾಚೆಯ ಪುಟ್ಟ ಖಾಸಗಿ ವಿಮಾನ ನಿಲ್ದಾಣವೊಂದರಲ್ಲಿ ಹವಾಮಾನ ನೋಡುತ್ತಿದ್ದಳು. ನೋಡುವುದು ಅಂದರೆ ನೋಡುವುದೇ. ಬೆಳಗ್ಗೆ ಆರಕ್ಕೆ ಕಟ್ಟೆಯ ಮೇಲೆ ನಿಂತು, ಇನ್ನೂರು ಮೀಟರ್ ದೂರದ ಕಂಬ ಕಂಡಿತೇ, ಎಂಟುನೂರು ಮೀಟರ್ ದೂರದ ನೀರಿನ ಟ್ಯಾಂಕ್ ಕಂಡಿತೇ ಎಂದು ಬೆಂಗಳೂರಿಗೆ ಬರೆದು ಕಳಿಸಬೇಕು. ಅಲ್ಲಿನ ಕಂಪ್ಯೂಟರ್ ಅದನ್ನು ತಿಂದು, ನಾಳೆ ಮಂಜು ಕವಿಯುತ್ತದೋ ಇಲ್ಲವೋ ಹೇಳಬೇಕು.

ತಿಂದರೆ ತಾನೆ? ತನ್ನ ಲೆಕ್ಕಕ್ಕೆ ಹೊಂದದ ವರದಿಯನ್ನು ಅದು 'ನೋಡಿದವರ ತಪ್ಪು' ಎಂದು ತಳ್ಳಿಹಾಕುತ್ತಿತ್ತು. ಅದರ ಲೆಕ್ಕದಲ್ಲಿ ಇಲ್ಲಿ ಮಂಜೇ ಇಲ್ಲ. ಯಾಕೆಂದರೆ ಅದಕ್ಕೆ ಕೊಟ್ಟ ನಕ್ಷೆ ಏಪ್ರಿಲ್‌ನದು. ಆಗ ಹೇಮಾವತಿಯ ಹಿನ್ನೀರು ಇಳಿದು ಪಕ್ಕದ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಸುತ್ತ ದನ ಮೇಯುತ್ತಿರುತ್ತವೆ. ಚಳಿಗಾಲದಲ್ಲಿ ಅದೇ ಜಾಗದಲ್ಲಿ ನೀರು ನಿಂತಿರುತ್ತದೆ, ಮಂಜು ಅಲ್ಲಿಂದಲೇ ಎದ್ದು ಬರುತ್ತದೆ ಎಂದು ಅವಳು ಎಷ್ಟು ಪತ್ರ ಬರೆದರೂ ಉತ್ತರವಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದವಳ ಹೆಸರಿಗೆ ಆ ವರ್ಷ ಮೂವತ್ತೊಂದು ತಪ್ಪು ಬಿದ್ದವು. ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಜನವರಿಯ ಒಂದು ಬೆಳಗ್ಗೆ, ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಹಿಡಿದು ಮೇಲಧಿಕಾರಿ ಸುದರ್ಶನ್ ಕಾರಿನಲ್ಲಿ ಬಂದರು. ಬಂದರು ಅನ್ನುವುದೂ ತಪ್ಪೇ. ಗೇಟ್ ಸಿಗದೆ ಫೋನ್ ಮಾಡಿದರು.

"ಏನೂ ಕಾಣ್ತಿಲ್ಲವಲ್ಲಮ್ಮ. ಗೇಟ್ ಎಲ್ಲಿದೆ?"

"ಅಲ್ಲೇ ನಿಂತ್ಕಳಿ ಸಾ, ನಾನೇ ಬತ್ತೀನಿ."

ಟಾರ್ಚ್ ಹಿಡಿದು ಹೋದಳು. ಕಾರು ಶುಂಠಿ ಹೊಲದ ಬದುವಿಗೆ ಮೂತಿ ಇಟ್ಟು ನಿಂತಿತ್ತು. ಗೇಟಿಗೆ ಇಪ್ಪತ್ತೇ ಹೆಜ್ಜೆ. ಮುಂದೆ ನಡೆದು ದಾರಿ ತೋರಿಸಿ, ಒಳಗೆ ಕೂರಿಸಿ ಕಾಫಿ ಕೊಟ್ಟಳು. ಮೂವತ್ತೊಂದು ತಪ್ಪಿಗೆ ಕೆಲಸದಿಂದ ತೆಗೆಯುವ ಪತ್ರ ತಂದಿದ್ದೇನೆ ಎಂದರು ಅವರು.

"ಈವತ್ತಿನ ವರದಿ ನೀವೇ ನೋಡಿ ಬರೀರಿ ಸಾ," ಎಂದಳು.

ಸುದರ್ಶನ್ ಕಟ್ಟೆ ಹತ್ತಿ ನೋಡಿದರು. ಕಂಬವೂ ಇಲ್ಲ, ಟ್ಯಾಂಕೂ ಇಲ್ಲ. ಹತ್ತು ಮೀಟರಿನಾಚೆ ಏನೂ ಕಾಣುತ್ತಿಲ್ಲ ಎಂದು ಟೈಪ್ ಮಾಡಿ, ತಮ್ಮದೇ ಹೆಸರು ಹಾಕಿ ಕಳಿಸಿದರು. ಅರೆ ನಿಮಿಷಕ್ಕೆ ಕೆಂಪಕ್ಷರದಲ್ಲಿ ಉತ್ತರ ಬಂತು: ನೋಡಿದವರ ತಪ್ಪು.

ಇನ್ನಾದರೂ ಪತ್ರ ಹರಿದುಹಾಕುತ್ತಾರೆ ಅಂದುಕೊಂಡಳು.

"ನೀವೇ ಕಣ್ಣಾರೆ ಕಂಡ್ರಲ್ಲ ಸಾ?"

"ಕಂಡೆ." ಅವರು ಅವಳ ಮುಖ ನೋಡಲಿಲ್ಲ. "ಆದ್ರೆ ಸಿಸ್ಟಮ್ ಒಪ್ಪಲ್ವಲ್ಲಮ್ಮ. ನಾನೇನು ಮಾಡ್ಲಿ?"

ಪತ್ರ ಮೇಜಿನ ಮೇಲೆ ಬಂತು. ಆರು ವರ್ಷ ಒಂದು ಹಾಳೆಯಲ್ಲಿ ಮುಗಿಯಿತು. ಅವಳು ರುಜು ಹಾಕಿದಳು.

ಸುದರ್ಶನ್ ಬಾಗಿಲಲ್ಲಿ ನಿಂತು ತಿರುಗಿದರು. "ರಸ್ತೆವರೆಗೂ ಸ್ವಲ್ಪ ಬರ್ತೀಯಾ?"

"ಕಂಪ್ಯೂಟ್ರು ಮಂಜಿಲ್ಲ ಅಂತದಲ್ಲ ಸಾ. ಓಗ್ಬನ್ನಿ," ಎಂದಳು ಶಿವರಂಜನಿ. ಟಾರ್ಚ್ ಮುಟ್ಟಲಿಲ್ಲ.